ಚೀಲದ ತಳದ ಕಾಳು

ಸಮತಾ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ನಂಬದೇ ಇರುವುದಕ್ಕೇ ಅವಳಿಗೆ ಸಂಬಳ.

ಹರಪನಹಳ್ಳಿ ಬಸ್‌ಸ್ಟ್ಯಾಂಡ್ ದಾಟಿ ಮಾರ್ಕೆಟ್ ಯಾರ್ಡಿನ ಕಡೆ ಹೊರಳಿದರೆ ಹಾಲೇಶಪ್ಪನವರ ಮೆಕ್ಕೆಜೋಳದ ಗೋಡೌನು. ಅದರ ಗೇಟಿನ ಪಕ್ಕ ಒಂದು ತಗಡಿನ ಶೆಡ್ಡು, ಶೆಡ್ಡಿನಲ್ಲೊಂದು ಟೇಬಲ್ಲು, ಟೇಬಲ್ಲಿನ ಮೇಲೆ ಕಾಳಿನ ತೇವ ಅಳೆಯುವ ಮೀಟರು, ಅದರ ಹಿಂದೆ ಸಮತಾ. ಟ್ರ್ಯಾಕ್ಟರ್ ಬಂದು ನಿಂತರೆ ತುದಿ ಚೂಪಾದ ಉಕ್ಕಿನ ಕೊಳವೆ ಹಿಡಿದು ಹೋಗುತ್ತಾಳೆ, ಚೀಲದ ಹೊಟ್ಟೆಗೆ ಚುಚ್ಚುತ್ತಾಳೆ. ಕೊಳವೆಯಲ್ಲಿ ಜಾರಿ ಬಂದ ಕಾಳನ್ನು ಮೀಟರಿಗೆ ಸುರಿದು ಗುಂಡಿ ಒತ್ತುತ್ತಾಳೆ. ತೇವ ನೂರಕ್ಕೆ ಹದಿನಾಲ್ಕರೊಳಗೆ ಬಂದರೆ, "ಪಾಸ್. ಗಾಡಿ ಒಳಗ ಬಿಡ್ರಿ." ಮೇಲೆ ಬಂದರೆ, "ಇನ್ನೆರಡು ದಿನ ಒಣಗಿಸ್ಕೊಂಡು ಬರ್ರಿ."

"ಯಕ್ಕಾ, ಕಾಳು ನೋಡ್ರಿ, ಹೆಂಗ ಖಣಖಣ ಅಂತಾವ," ಎಂದು ರೈತರು ಅಂಗೈಯಲ್ಲಿ ಆಡಿಸಿ ತೋರಿಸುತ್ತಾರೆ.

"ಮ್ಯಾಲಿನ ಕಾಳು ಯಾವತ್ತೂ ಒಣಗಿರ್ತಾವ್ರಿ ಯಜಮಾನ್ರ. ನನಗ ತಳದ್ದು ಬೇಕು."

ಮನುಷ್ಯರ ಬಗ್ಗೆಯೂ ಅವಳ ಲೆಕ್ಕ ಇದೇ. ಹಿಂದೆ ಕೊಟ್ಟೂರಿನ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಜೊತೆಯವನೊಬ್ಬ ಆರು ತಿಂಗಳು ಅವಳ ಫ್ಲಾಸ್ಕಿನ ಚಹಾ ಕುಡಿದ. ಮದುವೆಯ ಮಾತನ್ನೂ ಮೆಲ್ಲಗೆ ಎತ್ತಿದ. ಒಂದು ದಿನ, "ನಿಮ್ಮ ಮನಿ ಯಾವ ಓಣ್ಯಾಗ?" ಎಂದ. ಅವಳು ಹೇಳಿದಳು. ಮಾರನೇ ದಿನ ಅವನಿಗೆ ಚಹಾ ಅಂದರೆ ಆ್ಯಸಿಡಿಟಿ. ಸಮತಾ ಮನೆಗೆ ಬಂದು ಫ್ಲಾಸ್ಕನ್ನು ಅಟ್ಟಕ್ಕೆ ಹಾಕಿದಳು, ಮತ್ತೆ ಇಳಿಸಲಿಲ್ಲ. ಅಂದಿನಿಂದ ಯಾರು ಸಿಹಿಯಾಗಿ ಮಾತಾಡಿದರೂ ಅವಳ ಕೈ ತನ್ನಷ್ಟಕ್ಕೆ ತಾನೇ ಕೊಳವೆ ಹುಡುಕುತ್ತಿತ್ತು.

ಇಂಥವಳ ಎದುರಿಗೆ, ದೀಪಾವಳಿ ಮುಗಿದ ಮೇಲೆ, ಗಾಡಿ ತೂಗುವ ವೇಬ್ರಿಡ್ಜ್ ನೋಡಿಕೊಳ್ಳಲು ಅಂಜಿನೇಯಲು ಬಂದು ಕೂತ.

ಉದ್ದನೆಯ ಆಳು, ಚೌಕುಳಿ ಶರ್ಟು. ಮಾತಾಡುವ ಮುಂಚೆ ಒಮ್ಮೆ ನೆಲ ನೋಡಿ ಆಮೇಲೆ ಕಣ್ಣೆತ್ತುವ ಅಭ್ಯಾಸ. ಕಣ್ಣೆತ್ತಿದಾಗ ನಗು ತುಟಿಗಿಂತ ಮೊದಲು ಅಲ್ಲಿಗೇ ಬಂದಿರುತ್ತಿತ್ತು. ಎಲ್ಲರೂ ಅಂಜಿನಿ ಎಂದು ಕರೆಯತೊಡಗಿದರು. ಸಮತಾ ಏನೂ ಕರೆಯಲಿಲ್ಲ.

ಬಂದ ಮೂರನೇ ದಿನವೇ ಅವನು ಗೇಟು ದಾಟಿದ್ದ ಖಾಲಿ ಟ್ರ್ಯಾಕ್ಟರಿನ ಹಿಂದೆ ಓಡಿದ. "ಏ ಅಣ್ಣಾ, ನಿಲ್ರಿ! ತೂಕ ತಪ್ಪೈತಿ!" ಲೋಡು ತೂಗಿದಾಗ ಡ್ರೈವರ್ ಕೆಳಗಿಳಿದು ಬೀಡಿ ಸೇದುತ್ತಿದ್ದನಂತೆ, ಖಾಲಿ ಗಾಡಿ ತೂಗಿದಾಗ ಸೀಟಿನಲ್ಲಿ ಕೂತಿದ್ದನಂತೆ. ರೈತನಿಗೆ ಎಪ್ಪತ್ತು ಕೆಜಿ ಕಡಿಮೆ ಬಿದ್ದಿತ್ತು. ರೈತನಿಗೇ ಅದು ಗೊತ್ತಿರಲಿಲ್ಲ.

ಸಂಬಳ ಕೊಡುವ ಧಣಿಗೆ ನಷ್ಟವಾಗುವಂತೆ ಬಿಸಿಲಲ್ಲಿ ಓಡುವವನನ್ನು ಸಮತಾ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಅವನು ಏದುಸಿರು ಬಿಡುತ್ತ ವಾಪಸ್ ಬಂದಾಗ ಹಮಾಲರೆಲ್ಲ ಕೇಳುವಂತೆ ಅಂದಳು:

"ನಾಟಕ ಚಲೋ ಐತ್ರಿ. ಟಿಕೆಟ್ ಎಷ್ಟು?"

ಅವನು ನೆಲ ನೋಡಿದ, ಕಣ್ಣೆತ್ತಿದ. "ನಾಟಕ ಅಲ್ರಿ ಮೇಡಂ. ಎಪ್ಪತ್ತು ಕೆಜಿ."

ಚೆಲ್ಲಿದ ಕಾಳು ಗುಡಿಸುವ ಜಂಬಕ್ಕ ಮಧ್ಯಾಹ್ನ ಸುದ್ದಿ ತಂದಳು. "ಯವ್ವಾ, ಆತನ ಹೆಸರು ಅಂಜಿನೇಯಲು, ಆದ್ರ ಐತವಾರ ಐತವಾರ ಇಟ್ಟಿಗಿ ಊರಿಗೆ ಹೋಗಿ ಯೇಸುಸ್ವಾಮಿ ಪ್ರಾರ್ಥನಿ ಮಾಡ್ತಾನಂತ."

ಸಮತಾಳಿಗೆ ಈಗ ಎಲ್ಲವೂ ತಿಳಿಯಿತು ಅನ್ನಿಸಿತು. ಹೆಸರು ಒಂದು, ದೇವರು ಇನ್ನೊಂದು. ತೂಕ ಸರಿಯಾಗಿ ತೂಗುವುದು ಮೊದಲನೇ ಮೆಟ್ಟಿಲು, ಆಮೇಲೆ ಕೈಗೊಂದು ಯೇಸುವಿನ ಸಣ್ಣ ಪುಸ್ತಕ, ಆಮೇಲೆ 'ಒಮ್ಮೆ ಬಂದು ನೋಡ್ರಿ' ಎಂಬ ಕರೆ. ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದಳು. ಅವಳಪ್ಪ ಗುರುಮೂರ್ತಿ ಅಂಚೆ ಇಲಾಖೆಯಿಂದ ನಿವೃತ್ತರಾದವರು, ಮನೆಯಲ್ಲಿ ಬುದ್ಧನ ಫೋಟೋ ಬಿಟ್ಟರೆ ಬೇರೆ ಪೂಜೆಯಿಲ್ಲ. ಅವರು ರೊಟ್ಟಿ ಮುರಿಯುತ್ತ ಅಂದರು, "ಅತಿ ವಿನಯಂ ಧೂರ್ತ ಲಕ್ಷಣಂ. ನಾವು ಒಂದು ಧರ್ಮದ ಮನಿ ಬಿಟ್ಟು ಹೊರಗ ಬರಾಕ ಎರಡು ತಲಿಮಾರು ಬೇಕಾತು. ಇನ್ನೊಬ್ರ ಮನಿ ಬಾಗಲಾಗ ನಿಂದ್ರಾಕ ಅಲ್ಲ."

"ಗೊತ್ತೈತಿ ಬಿಡಪ್ಪ," ಎಂದಳು ಸಮತಾ. ಆದರೂ ಅಂಜಿನಿಯ ಆ ನಗುವ ಕಣ್ಣು ಒಂದು ಗಳಿಗೆ ರೊಟ್ಟಿಯ ಮೇಲೆ ಬಂದು ಹೋಯಿತು, ಅದಕ್ಕೆ ಅವಳಿಗೆ ಸಿಟ್ಟೂ ಬಂತು.

*

ಮುಂದಿನ ಸೋಮವಾರ ಬೆಳಿಗ್ಗೆ ಶೆಡ್ಡಿನ ಮುಂದೆ ನೆಲ ಒದ್ದೆಯಾಗಿತ್ತು.

ಬೇರೆಯವರಿಗೆ ಒದ್ದೆ ನೆಲ ಬರೀ ಒದ್ದೆ ನೆಲ. ತೇವ ಅಳೆಯುವವಳಿಗೆ ಅದು ಕಳ್ಳನ ಹೆಜ್ಜೆ. ಹಿಂದಿನ ಸಂಜೆ ಬಂದು ಸರದಿಗೆ ಕಾಯುತ್ತಿರುವ ಚೀಲಗಳು ಅಲ್ಲೇ ಪಕ್ಕದಲ್ಲಿರುತ್ತವೆ. ಯಾರಾದರೂ ಒಂದೆರಡು ಚೊಂಬು ನೀರು ಚಿಮುಕಿಸಿದರೆ ಮೀಟರ್ ಹದಿನಾಲ್ಕರ ಮೇಲೆ ಹಾರುತ್ತದೆ, ರೈತನ ದರ ಕೆಳಗೆ ಬೀಳುತ್ತದೆ, ಹೆಸರು ಕೆಡುವುದು ಸಮತಾಳದು. ಮಂಗಳವಾರವೂ ಒದ್ದೆ. ಬುಧವಾರವೂ.

ಗುರುವಾರ ಅವಳು ಏಳು ಗಂಟೆಗೇ ಬಂದು ಲಾರಿಯ ಮರೆಯಲ್ಲಿ ನಿಂತಳು. ಅಂಜಿನಿ ಬಕೆಟ್ಟು ಹಿಡಿದು ಬಂದ. ಪ್ಯಾಂಟು ಮೊಣಕಾಲಿಗೆ ಮಡಚಿದ್ದ. ಮಗ್ಗಿನಿಂದ ಶೆಡ್ಡಿನ ಮುಂದೆ ನೀರು ಚೆಲ್ಲತೊಡಗಿದ. ಸಮತಾ ಫೋನೆತ್ತಿ ಫೋಟೋ ಹೊಡೆದಳು.

"ಏನ್ರಿ ಇದು?"

ಅವನು ಬೆಚ್ಚಿಬಿದ್ದ. "ನೀರು."

"ಅದು ಕಾಣ್ತೈತಿ. ಯಾಕ ಅಂತ ಕೇಳಿದೆ."

"ಧೂಳು ಏಳಬಾರದು ಅಂತ."

"ಹೋದ ವಾರ ಧೂಳು ಇರಲಿಲ್ಲೇನು?"

ಅವನು ನೆಲ ನೋಡಿದ. ಈ ಸಲ ಕಣ್ಣೆತ್ತಲು ಸ್ವಲ್ಪ ತಡವಾಯಿತು. "ಇತ್ತು. ನೀವು ಕೆಮ್ಮತಿದ್ರಿ."

ಮೆಕ್ಕೆಜೋಳದ ಸಿಪ್ಪೆಯ ಧೂಳು ಸಮತಾಳಿಗೆ ಆಗುತ್ತಿರಲಿಲ್ಲ. ಸೀಜನ್ ಶುರುವಾದರೆ ಫೆಬ್ರವರಿಯವರೆಗೆ ಕೆಮ್ಮು. ಮನೆಯಲ್ಲಿ ಅವ್ವ ಬಿಟ್ಟರೆ ಅದನ್ನು ಗಮನಿಸಿದವರಿಲ್ಲ. ಅವಳು ಫೋನು ಕೆಳಗಿಳಿಸಿದಳು. ಆಮೇಲೆ ಕೊಟ್ಟೂರಿನ ಫ್ಲಾಸ್ಕು ನೆನಪಾಯಿತು.

ಕೊಳವೆ ತಂದು ಪಕ್ಕದಲ್ಲಿದ್ದ ಹನ್ನೊಂದು ಚೀಲಕ್ಕೂ ಚುಚ್ಚಿದಳು. ಮೇಲೆ, ನಡುವೆ, ತಳದಲ್ಲಿ. ಎಲ್ಲ ಹದಿಮೂರು, ಹದಿಮೂರೂವರೆ. ಅಂಜಿನಿ ಬಕೆಟ್ಟು ಹಿಡಿದೇ ಹನ್ನೊಂದನ್ನೂ ನೋಡುತ್ತ ನಿಂತಿದ್ದ. ಚೀಲ ಒಣಗಿದ್ದರೂ ಅವಳ ಅನುಮಾನ ಒಣಗಲಿಲ್ಲ. ನೆಟ್ಟಗೆ ಹೋಗಿ ಹಾಲೇಶಪ್ಪನವರಿಗೆ ಫೋಟೋ ತೋರಿಸಿದಳು.

ಹಾಲೇಶಪ್ಪ ಹಣೆಯ ವಿಭೂತಿ ಅಳಿಸದಂತೆ ಬೆವರು ಒರೆಸಿಕೊಂಡು ಇಬ್ಬರನ್ನೂ ಕರೆಸಿದರು.

"ಏನಪಾ, ನೀರು ಹಾಕಿದಿ?"

"ಹೌದ್ರಿ ಧಣ್ಯಾರ. ಧೂಳಿಗೆ ಹಾಕಿದೆ. ಕೇಳದ ಹಾಕಿದ್ದು ತಪ್ಪು."

ಅಷ್ಟೇ. ಕೆಮ್ಮಿನ ಸುದ್ದಿಯೇ ಇಲ್ಲ. ಸಮತಾ ಅವನ ಬಾಯಿಂದ ಅದು ಬರುತ್ತದೆ ಎಂದು ಕಾದಳು. ಬರಲಿಲ್ಲ.

"ಏನವ್ವಾ, ಈತನ್ನ ಬಿಡಿಸಿಬಿಡ್ಲೇನು?" ಎಂದರು ಹಾಲೇಶಪ್ಪ. ಹೂಂ ಎಂದಿದ್ದರೆ ಅಂದೇ ಅವನ ಕೆಲಸ ಹೋಗುತ್ತಿತ್ತು.

"ಚೀಲ ಒದ್ದಿ ಆಗಿಲ್ರಿ," ಎಂದಳು ಸಮತಾ, ಬೇರೆ ಯಾರೋ ತನ್ನ ಬಾಯಲ್ಲಿ ಮಾತಾಡಿದಂತೆ.

ಹಾಲೇಶಪ್ಪ ಇಬ್ಬರನ್ನೂ ಒಮ್ಮೆ ನೋಡಿದರು. "ಹಮಾಲರೂ ಕೆಮ್ಮತಾರ. ನೀರು ಹಾಕು. ಆದ್ರ ಮೇಡಂ ಎದುರಿಗೆ ಹಾಕು. ಅವರು ಬರೋದ್ರಾಗ ಒಂದು ಹನಿ ಬಿದ್ದಿರಬಾರದು."

ಹೊರಗೆ ಬಂದ ಮೇಲೆ ಅವಳು ಕೇಳಿಯೇಬಿಟ್ಟಳು. "ನನ್ನ ಕೆಮ್ಮಿಂದು ಯಾಕ ಹೇಳಲಿಲ್ಲ? ಹೇಳಿದ್ರ ಪಾರಾಗ್ತಿದ್ರಿ."

"ಹೇಳಿದ್ರ ನಾಳಿ ಹಮಾಲರ ಬಾಯಾಗ ನಿಮ್ಮ ಹೆಸರು, ನನ್ನ ಹೆಸರು ಕೂಡೇ ಓಡಾಡ್ತಾವ. ನಾನು ಗಂಡಸು, ನಡೀತೈತಿ. ನಿಮಗ ಬ್ಯಾಡಾಗಿತ್ತಲ್ಲ."

ಅಂದು ಸಮತಾ ಮೂರು ಗಾಡಿಯ ತೇವವನ್ನು ಎರಡೆರಡು ಸಲ ಅಳೆದಳು. ಮೊದಲ ಸಲದ ನಂಬರು ತಲೆಗೇ ಹೋಗಿರಲಿಲ್ಲ.

*

ಹೀಗೆ ಅನುಮಾನವೇ ಅವರಿಬ್ಬರಿಗೆ ಬೆಳಗಿನ ಅರ್ಧ ಗಂಟೆಯನ್ನು ದಾನ ಮಾಡಿತು. ಏಳೂವರೆಗೆ ಅವಳು ಬರಬೇಕು, ಅವಳು ಬಂದ ಮೇಲೆ ಅವನು ನೀರು ಹಾಕಬೇಕು. ಅವಳು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು, ಅವನು ಮಗ್ಗೆತ್ತುತ್ತಿದ್ದ.

"ಆ ಕಡಿ ಹೋಗಬ್ಯಾಡ್ರಿ, ಚೀಲ ಅದಾವ."

"ಆತ್ರಿ."

"ಮಗ್ಗು ಅಷ್ಟು ಮ್ಯಾಲೆ ಎತ್ತಬ್ಯಾಡ್ರಿ."

"ಆತ್ರಿ. ಉಸಿರಾಡ್ಲೇನ್ರಿ?"

ಅವಳು ನಗಬಾರದೆಂದು ತುಟಿ ಕಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಲೆಂದೇ ಅವನು ಮರುದಿನ ಇನ್ನೊಂದು ಮಾತು ತಯಾರು ಮಾಡಿಕೊಂಡು ಬರುತ್ತಿದ್ದ. ನೀರು ಬಿದ್ದ ಕೆಮ್ಮಣ್ಣಿನ ವಾಸನೆ ಏಳುತ್ತಿತ್ತು. ಅವಳ ಕೆಮ್ಮು ನಿಜವಾಗಿ ಕಡಿಮೆಯಾಯಿತು.

ನೀರು ಹಾಕಿದ ಮೇಲೆ ಗೇಟಿನ ಎದುರಿನ ಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮೊದಲ ವಾರ ಬೇರೆ ಬೇರೆ ತಿಂದರು, ಎರಡನೇ ವಾರ ಒಂದೇ ಬೆಂಚಿನ ಎರಡು ತುದಿಯಲ್ಲಿ. ಮೂರನೇ ವಾರ ಅವನು ತನ್ನ ಪೇಪರಿನಿಂದ ಒಂದು ಬಜ್ಜಿ ಅವಳ ಪೇಪರಿಗೆ ಇಟ್ಟ, ಅವಳು ಅದನ್ನು ವಾಪಸ್ ಇಡಲಿಲ್ಲ.

ಆದರೆ ಅವಳು ಕಾಯುತ್ತಲೇ ಇದ್ದಳು.

"ಪುಸ್ತಕ ಯಾವಾಗ ಕೊಡ್ತೀರಿ?" ಎಂದಳೊಮ್ಮೆ.

"ಯಾವ ಪುಸ್ತಕ?"

"ನಿಮ್ಮೋರು ಕೊಡ್ತಾರಲ್ಲ, ಸಣ್ಣದು. ಬಸ್‌ಸ್ಟ್ಯಾಂಡಿನ್ಯಾಗ."

"ಕೇಳಿದ್ರ ತರ್ತೀನಿ. ಕೇಳ್ತೀರೇನು?"

"ಇಲ್ಲ."

"ಹಂಗಾರ ಬಜ್ಜಿ ತಿನ್ರಿ, ಆರತೈತಿ."

ಇನ್ನೊಂದು ದಿನ ಹೆಸರಿನ ವಿಷಯ ಎತ್ತಿದಳು. "ಯೇಸುನ ನಂಬಿದ ಮ್ಯಾಲೂ ಅಂಜಿನೇಯಲು ಅಂತ ಯಾಕ ಇಟ್ಕೊಂಡೀರಿ? ಎರಡೂ ಕಡಿ ಒಂದೊಂದು ಕಾಲೇನು?"

"ಅವ್ವ ಹರಕಿ ಹೊತ್ತು ಇಟ್ಟ ಹೆಸರ್ರಿ. ಅವ್ವ ಈಗಿಲ್ಲ. ತಂದಿತಾಯಿನ ಗೌರವಿಸು ಅಂತ ನಮ್ಮ ಪುಸ್ತಕದಾಗೂ ಬರದೈತಿ. ಹೆಸರು ತೆಗೆದು ಹಾಕಿದ್ರ ಅದನ್ನ ಪಾಲಿಸಿದಂಗ ಆಗತೈತೇನು?" ಹೇಳುವಾಗ ಅವನ ದನಿ ಸಣ್ಣಗಾಯಿತು. ಸಮತಾ ಮುಂದೆ ಚುಚ್ಚಲಿಲ್ಲ.

ಡಿಸೆಂಬರ್ ಬಂತು. ಈಗ ಕರೆಯುತ್ತಾನೆ ಎಂದುಕೊಂಡಳು. ಕ್ರಿಸ್ಮಸ್ಸಿಗೆ ಬರ್ರಿ, ಕೇಕು ತಿನ್ರಿ ಅನ್ನುತ್ತಾನೆ, ಆಗ ಹಿಡಿಯುತ್ತೇನೆ ಎಂದು ಉತ್ತರವನ್ನೂ ಸಿದ್ಧಮಾಡಿಟ್ಟುಕೊಂಡಳು. ಅವನು ಕರೆಯಲೇ ಇಲ್ಲ. ಕರೆದಿದ್ದರೆ ಬರುತ್ತಿದ್ದ ಸಿಟ್ಟಿಗಿಂತ ಕರೆಯದೇ ಇದ್ದುದಕ್ಕೆ ಬಂದ ಸಿಟ್ಟು ದೊಡ್ಡದಿತ್ತು. ಒಂದು ಶನಿವಾರ ಬೆಳಿಗ್ಗೆ ಅವಳು ಅಟ್ಟದಿಂದ ಫ್ಲಾಸ್ಕು ಇಳಿಸಿ ತೊಳೆದು ಚಹಾ ತುಂಬಿಕೊಂಡು ಹೊರಟಳು. ತಾನು ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಆ ಫ್ಲಾಸ್ಕು ತೊಳೆಯುವಾಗ.

*

ಅದೇ ಶನಿವಾರ ಹತ್ತು ಗಂಟೆಗೆ ಒಂದು ಲೋಡಿನ ತೂಕದ ಚೀಟಿ ಬೇಕಾಗಿ ಸಮತಾ ವೇಬ್ರಿಡ್ಜಿನ ಕ್ಯಾಬಿನ್ನಿಗೆ ಹೋದಳು, ಬಗಲಲ್ಲಿ ಫ್ಲಾಸ್ಕು. ಅಂಜಿನಿ ಹೊರಗೆ ಲಾರಿಯವನಿಗೆ ಹಿಂದೆ ಮುಂದೆ ಎಂದು ಕೈ ಮಾಡುತ್ತಿದ್ದ. ಮೇಜಿನ ಮೇಲೆ ಸಣ್ಣ ನೋಟ್‌ಬುಕ್ಕೊಂದು ಫ್ಯಾನಿನ ಗಾಳಿಗೆ ಹಾಳೆ ಮಗುಚುತ್ತಿತ್ತು. ಅವಳು ಅದಕ್ಕೆ ಕೈಯಿಟ್ಟದ್ದು ಹಾರಬಾರದೆಂದು. ಓದಿದ್ದು ಮಾತ್ರ ಹುಟ್ಟುಗುಣ.

ಒಂದೊಂದು ಹಾಳೆಗೆ ಒಂದೊಂದು ತಲೆಬರಹ.

'ಕೆಲಸ: ತೂಕದಲ್ಲಿ ಒಂದು ಕೆಜಿ ಆಚೀಚೆ ಆಗಬಾರದು. ತಪ್ಪಿದರೆ ಓಡಿ ಹೋಗಿಯಾದರೂ ಸರಿಮಾಡುವುದು.'

ಅದರ ಮುಂದಿನ ಹಾಳೆ:

'ವೈರಿ: ಸ್ಯಾಂಪಲ್ ಮೇಡಂ. ನನ್ನನ್ನು ಕಂಡರೆ ಆಗುವುದಿಲ್ಲ. ಧೂಳಿಗೆ ಕೆಮ್ಮುತ್ತಾರೆ. ದಿನಾ ಬೆಳಿಗ್ಗೆ ನೀರು ಹಾಕಬೇಕು.'

ಆಮೇಲಿನ ಹಾಳೆಗಳೆಲ್ಲ ಖಾಲಿ. ಖಾಲಿ ಹಾಳೆ ಓದುವಷ್ಟು ತಾಳ್ಮೆ ಆಗ ಅವಳಿಗಿರಲಿಲ್ಲ.

ಅವನು ಬಾಗಿಲಿಗೆ ಬಂದ. ಅವಳ ಕೈಯಲ್ಲಿ ನೋಟ್‌ಬುಕ್ಕು ನೋಡಿದ. ಬಣ್ಣ ಇಳಿಯಿತು.

"ನಾನು ನಿಮ್ಮ ಹೋಂವರ್ಕೇನ್ರಿ?"

"ಮೇಡಂ..."

"ಹೌದು ಇಲ್ಲ, ಎರಡರಾಗ ಒಂದು ಹೇಳ್ರಿ. ಇದರ ಸಲುವಾಗಿ ನೀರು ಹಾಕಿದ್ರೇನು?"

ಇಲ್ಲ ಅನ್ನುವುದು ಎಷ್ಟು ಸುಲಭವಿತ್ತು! ಅವನು ಇಲ್ಲ ಅಂದಿದ್ದರೆ ಆ ಗಳಿಗೆಯಲ್ಲಿ ಅವಳು ನಂಬಿಬಿಡುತ್ತಿದ್ದಳೋ ಏನೋ, ಅಷ್ಟು ಆಸೆ ಇತ್ತು ಅವಳಿಗೆ.

"ಹೌದ್ರಿ," ಎಂದ ಅವನು. "ಪ್ರಾರ್ಥನಿ ಮುಗಿದ ಮ್ಯಾಲೆ ನಮ್ಮಲ್ಲಿ ಚೀಟಿ ಎತ್ತತಾರ. ಭಾನುವಾರ ಹಾಡಿ ಸೋಮವಾರ ಜಗಳಾಡಬಾರದು ಅಂತ, ವಾರಕ್ಕ ಒಂದು ವಿಷಯ. ಕೆಲಸ, ನಾಲಿಗಿ, ಹೆತ್ತವರು, ಹಿಂಗ. ಅದನ್ನ ಆ ವಾರ ಮಾಡಿ ತೋರಿಸಬೇಕು. ನನಗ ವೈರಿ ಬಂದಿತ್ತು, ವೈರಿಗೆ ಒಳ್ಳೇದು ಮಾಡಬೇಕು ಅಂತ. ನಾಟಕ ಅಂತ ಎಲ್ಲಾರ ಮುಂದ ಅಂದಿದ್ರಲ್ಲ ನೀವು, ನಿಮ್ಮ ಹೆಸರು ನಾನ ಆರಿಸ್ಕೊಂಡೆ."

"ಯಾರರ ಹೆಸರು ಬರಿಬಹುದಿತ್ತು ಹಂಗಾರ. ನಿಮಗ ಒಂದು ವೈರಿ ಬೇಕಿತ್ತು, ಅಷ್ಟ."

"ಮೊದಲನೇ ವಾರ ಅಷ್ಟರಿ. ಆಮ್ಯಾಲೆ..."

"ಸಾಕು. ಮ್ಯಾಲಿನ ಕಾಳು ನನಗ ತೋರಸಬ್ಯಾಡ್ರಿ."

ಫ್ಲಾಸ್ಕು ಬಗಲಲ್ಲೇ ಉಳಿಯಿತು. ಶೆಡ್ಡಿಗೆ ಬಂದು ಕೂತ ಸಮತಾ ಅತ್ತಳು, ಧೂಳಿನ ನೆಪ ಮಾಡಿ ಎರಡು ಸಲ ಮುಖ ತೊಳೆದಳು. ಆ ಕೊಟ್ಟೂರಿನವನು ಅವಳ ಓಣಿಯನ್ನು ನೋಡಿ ಬಿಟ್ಟುಹೋಗಿದ್ದ. ಇವನು ಅವಳನ್ನು ನೋಡದೆಯೇ ಹತ್ತಿರ ಬಂದಿದ್ದ. ಎರಡರಲ್ಲಿ ಯಾವುದು ಹೆಚ್ಚು ನೋಯುತ್ತದೆ ಎಂದು ಅವಳಿಗೆ ಹೇಳಲಾಗಲಿಲ್ಲ. ಜಂಬಕ್ಕ ಪೊರಕೆ ಹಿಡಿದು ಎರಡು ಸುತ್ತು ಹಾಕಿದಳು, ಏನೂ ಕೇಳಲಿಲ್ಲ. ಹೋಗುವಾಗ ಫ್ಲಾಸ್ಕಿನ ಚಹಾ ಮಾತ್ರ ಕುಡಿದು ಹೋದಳು.

ಆದರೆ ಸಂಜೆ ಬಸ್ಸಿನಲ್ಲಿ ಒಂದು ಪ್ರಶ್ನೆ ಅವಳನ್ನು ಬಿಡಲಿಲ್ಲ. ವಾರಕ್ಕೊಂದು ಚೀಟಿ ಅಂದ. ವೈರಿಯ ವಾರ ಮುಗಿದು ಒಂದು ತಿಂಗಳಾಯಿತು. ಆಮೇಲಿನ ಹಾಳೆಗಳು ಖಾಲಿ ಯಾಕೆ?

*

ಭಾನುವಾರ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಗುರುಮೂರ್ತಿ ಪೇಪರಿನಿಂದ ತಲೆಯೆತ್ತಿದರು. "ಎಲ್ಲಿಗೆ?"

"ಇಟ್ಟಿಗಿಗೆ. ಒಂದು ಚೀಲ ಚುಚ್ಚಿ ನೋಡೋದೈತಿ."

ಅಪ್ಪ ಕನ್ನಡಕ ತೆಗೆದು ಮಗಳನ್ನು ನೋಡಿದರು. "ತಳದತನಕ ಚುಚ್ಚು. ಅರ್ಧಕ್ಕ ವಾಪಸ್ ಬರಬ್ಯಾಡ," ಎಂದರು ಕೊನೆಗೆ.

ಇಟ್ಟಿಗಿಯಲ್ಲಿ ಚರ್ಚು ಹುಡುಕಿದರೆ ಸಿಗಲಿಲ್ಲ. ಸಿಕ್ಕಿದ್ದು ಅನ್ನದಾನಮ್ಮ ಎಂಬ ನಿವೃತ್ತ ನರ್ಸಿನ ಮನೆ. ಪಡಸಾಲೆಯಲ್ಲಿ ಚಾಪೆ ಹಾಸಿ ಹದಿನೈದಿಪ್ಪತ್ತು ಜನ ಕೂತಿದ್ದರು. ಹಾಡು ಮುಗಿದಿತ್ತು. ಸಮತಾ ಬಾಗಿಲಾಚೆ ಚಪ್ಪಲಿಗಳ ಹತ್ತಿರ ನಿಂತಳು. ಒಳಗೆ ಹೋಗುವುದಿಲ್ಲ ಎಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿದ್ದಳು.

ಒಬ್ಬ ಹೆಂಗಸು ಎದ್ದು ಹೇಳುತ್ತಿದ್ದಳು: "ನನಗ ನಾಲಿಗಿ ಬಂದಿತ್ತು. ಸೊಸಿಗೆ ಬೈಬಾರದು ಅಂತ ಮೂರು ದಿನ ತಡಕೊಂಡೆ. ನಾಕನೇ ದಿನ ಮೂರು ದಿನದ್ದೂ ಸೇರಿಸಿ ಬೈದೆ." ಎಲ್ಲರೂ ನಕ್ಕರು, ಅವಳೂ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಸಮತಾ ಇಂಥ ಪ್ರಾರ್ಥನೆಯನ್ನು ಊಹಿಸಿರಲಿಲ್ಲ. ಮೇಲಿನ ಕಾಳನ್ನು ಇಲ್ಲಿ ಯಾರೂ ತೋರಿಸುತ್ತಿರಲಿಲ್ಲ.

"ಅಂಜಿನಿ, ಏಳಪಾ," ಎಂದರು ಅನ್ನದಾನಮ್ಮ. "ವೈರಿ ಅನ್ನೋ ಚೀಟಿ ತಿಂಗಳ ಮ್ಯಾಲಾತು ನಿನ್ನ ಕಿಸೆದಾಗ ಐತಿ. ಬ್ಯಾರೆ ಎತ್ತು ಅಂದ್ರ ಇದ ಮುಗಿದಿಲ್ಲ ಅಂತೀ. ಅಷ್ಟು ಗಟ್ಟಿ ವೈರಿ ಏನಪಾ ಅವರು?"

ಅಂಜಿನಿ ಎದ್ದ. ನೆಲ ನೋಡಿದ, ಕಣ್ಣೆತ್ತಿದ. ಬಾಗಿಲಲ್ಲಿ ಸಮತಾ ಕಂಡಳು. ಅವನ ಕಿವಿ ಕೆಂಪಾಗುವುದು ಅಷ್ಟು ದೂರದಿಂದಲೂ ಅವಳಿಗೆ ಕಂಡಿತು.

ಅವನು ಕಿಸೆಯಿಂದ ಮಡಚಿ ಮಡಚಿ ಜೀರ್ಣವಾದ ಚೀಟಿ ತೆಗೆದು ಸ್ಟೀಲ್ ಡಬ್ಬಿಯಲ್ಲಿ ಹಾಕಿದ. "ವಾಪಸ್ ತಗೊಳ್ರಿ ಅಮ್ಮ. ನಾನು ಇಲ್ಲಿ ಸುಳ್ಳು ಹೇಳೀನಿ. ಒಂದು ವಾರ ಯೇಸುಸ್ವಾಮಿ ಹೇಳ್ಯಾನ ಅಂತ ನೀರು ಹಾಕಿದೆ. ಆಮ್ಯಾಲೆ ಹಾಕಿದ್ದು ಆತನ ಸಲುವಾಗಿ ಅಲ್ಲ. ಆದ್ರೂ ಪ್ರತಿ ವಾರ ಇಲ್ಲಿ ಬಂದು, ವೈರಿಗೆ ಒಳ್ಳೇದು ಮಾಡಾಕತ್ತೀನಿ ಅಂತ ಹೇಳಿ ನಿಮ್ಮ ಕಡಿಂದ ಶಭಾಶ್ ಅನಿಸ್ಕೊಂಡೆ. ಅದು ದೇವರಿಗೂ ಮೋಸ, ಅವರಿಗೂ ಮೋಸ."

"ಮತ್ತ ಯಾರ ಸಲುವಾಗಿ ಹಾಕಿದಿ?"

"ಅದನ್ನ ಇಲ್ಲಿ ಹೇಳಾಂಗಿಲ್ರಿ. ಹೇಳಬೇಕಾದ್ದು ಬ್ಯಾರೆಯವರಿಗೆ."

ಅನ್ನದಾನಮ್ಮ ಅವನ ಕಣ್ಣು ಹೋದ ಕಡೆ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಎದ್ದು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಬಾಗಿಲಲ್ಲಿ ಸಮತಾಳ ಕೈಗಿಟ್ಟರು. "ಬಿಸಲಾಗ ನಿಂತೀಯಲ್ಲವ್ವ. ಒಳಗ ಬರೋದು ಬಿಡೋದು ನಿನ್ನ ಇಷ್ಟ. ಇದನ್ನಷ್ಟು ಕುಡಿ."

ಪುಸ್ತಕ ಕೊಡಲಿಲ್ಲ. ಯಾವ ಓಣಿ ಎಂದು ಕೇಳಲಿಲ್ಲ. ಸಮತಾ ಮಜ್ಜಿಗೆ ಕುಡಿದು ಲೋಟ ಕೊಟ್ಟು, "ಬಸ್ ಐತ್ರಿ," ಎಂದು ಹೊರಟುಬಿಟ್ಟಳು. ನಿಜಕ್ಕೂ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

*

ಸೋಮವಾರ ಅಂಜಿನಿ ಏಳೂವರೆಗೆ ಗೇಟಿಗೆ ಬಂದಾಗ ವೇಬ್ರಿಡ್ಜ್ ಕ್ಯಾಬಿನ್ನಿನ ಮುಂದೆ ನೆಲ ಒದ್ದೆಯಾಗಿತ್ತು. ಸಮತಾ ಬಕೆಟ್ಟು ಹಿಡಿದು ನಿಂತಿದ್ದಳು. ಚೂಡಿದಾರದ ಅಂಚು ಪೂರಾ ನೆನೆದಿತ್ತು. ನೀರು ಕಂಡರೆ ಕಿಡಿಕಿಡಿಯಾಗುವ ಮೇಡಂ ನೀರು ಚೆಲ್ಲುವುದನ್ನು ನೋಡಿ ಜಂಬಕ್ಕ ಪೊರಕೆ ಬಿಟ್ಟು ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದಳು.

"ನಿಮಗ ಯಾವ ಚೀಟಿ ಬಂತ್ರಿ?" ಎಂದ ಅವನು ಮೆಲ್ಲಗೆ.

"ನಮ್ಮ ಮನ್ಯಾಗ ಚೀಟಿ ಇಲ್ಲ. ಮನಸಿಗೆ ಬಂತು, ಹಾಕಿದೆ." ಬಕೆಟ್ಟು ಕೆಳಗಿಟ್ಟಳು. "ಇಟ್ಟಿಗ್ಯಾಗ ಹೇಳದ ಬಿಟ್ಟಿದ್ದನ್ನ ಈಗ ಹೇಳ್ರಿ."

ಅವನು ನೆಲ ನೋಡಲಿಲ್ಲ. "ನೀವು ಬರೋದನ್ನ ನೋಡಬೇಕು ಅಂತ ಬರ್ತಿದ್ದೆ. ಸೊಂಟಕ್ಕ ಕೈಯಿಟ್ಟು ಬೈತೀರಲ್ಲ, ಅದು ಕೇಳಸಂಗಿಲ್ಲ ಅಂತ ಐತವಾರನೂ ನನಗ ಐತವಾರ ಅನಸ್ತಿರಲಿಲ್ಲ. ಯಾವ ಹಾಳ್ಯಾಗ, ಯಾವ ಹೆಸರಿನ ಕೆಳಗ ಬರೀಬೇಕು ಅಂತ ತಿಳೀಲಿಲ್ಲ. ಅದಕ್ಕ ಖಾಲಿ ಬಿಟ್ಟೆ. ನೀವಂದ್ರ ನನಗ ಪ್ರೀತಿರಿ, ಸಮತಾ."

ಅವಳ ಹೆಸರನ್ನು ಅವನು ಕರೆದದ್ದು ಅದೇ ಮೊದಲು. ಆದರೂ ಅವಳು ಸಮತಾ. ಕೊಳವೆ ಇನ್ನೂ ತಳ ಮುಟ್ಟಿರಲಿಲ್ಲ.

"ನಾನು ನಿಮ್ಮ ಪ್ರಾರ್ಥನಿಗೆ ಬರಂಗಿಲ್ಲ."

"ಬರ್ರಿ ಅಂತ ನಾನು ಕೇಳಿಲ್ಲ."

"ಮನ್ಯಾಗ ಬುದ್ಧನ ಫೋಟೋ ಹಾಕ್ತೀನಿ."

"ಮೊಳಿ ನಾನ ಹೊಡೀತೀನಿ."

"ಅಪ್ಪನ ಹತ್ರ ಬಂದು ಮಾತಾಡಬೇಕು. ಅವರು ನನಗಿಂತ ಆಳಕ್ಕ ಚುಚ್ಚತಾರ."

"ಚುಚ್ಚಲಿ ಬಿಡ್ರಿ."

ಕೊನೆಯ ಪ್ರಶ್ನೆಯೊಂದು ಉಳಿದಿತ್ತು. ಎಲ್ಲಕ್ಕಿಂತ ಹೆಚ್ಚು ಭಯವಿದ್ದದ್ದು ಅದರ ಉತ್ತರಕ್ಕೆ. "ಖರೇ ಹೇಳ್ರಿ. ಒಳಗೊಳಗ, ಒಂದು ಸಲನಾದ್ರೂ, ನಾನು ನಿಮ್ಮ ಧರ್ಮಕ್ಕ ಬರಲಿ ಅಂತ ಬೇಡ್ಕೊಂಡೀರೇನು?"

ಗೇಟಿನಾಚೆ ಮೊದಲ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯಿತು. ಅಂಜಿನಿ ಅತ್ತ ತಿರುಗಲಿಲ್ಲ.

"ಬೇಡ್ಕೊಂಡೀನಿ," ಎಂದ. "ಎರಡು ಸಲ. ನಮ್ಮದು ಒಂದ ದಾರಿ ಆದ್ರ ನಿಮ್ಮನ್ನ ಕೇಳಾಕ ಸುಲಭ ಅಂತ. ಮೂರನೇ ಸಲ ನಾಚಿಕಿ ಬಂತು. ನನಗ ಸುಲಭ ಆಗಲಿ ಅಂತ ನಿಮ್ಮನ್ನ ಬದಲಿ ಮಾಡು ಅಂತ ಹೆಂಗ ಕೇಳಲಿ? ಈಗ ನಿಮ್ಮ ಕೆಮ್ಮು ವಾಸಿ ಆಗಲಿ ಅಂತ ಅಷ್ಟ ಕೇಳ್ತೀನಿ."

ಸಮತಾ ಅವನನ್ನೇ ನೋಡಿದಳು. ಒಂದು ಸಲವೂ ಇಲ್ಲ ಅಂದಿದ್ದರೆ ಅವಳು ಬಕೆಟ್ಟು ಎತ್ತಿಕೊಂಡು ಶೆಡ್ಡಿಗೆ ಹೋಗುತ್ತಿದ್ದಳು. ಹತ್ತು ವರ್ಷದ ಕೆಲಸದಲ್ಲಿ ತೇವವೇ ಇಲ್ಲದ ಕಾಳನ್ನು ಅವಳು ಕಂಡಿರಲಿಲ್ಲ. ಮೀಟರು ಸೊನ್ನೆ ತೋರಿಸಿದರೆ ಕೆಟ್ಟಿರುವುದು ಮೀಟರು. ತಳದ ಕಾಳಿನಲ್ಲೂ ಒಂದಿಷ್ಟು ತೇವ ಇದ್ದೇ ಇರುತ್ತದೆ, ಹದಿನಾಲ್ಕರೊಳಗಿದ್ದರೆ ವರ್ಷವಿಡೀ ಇಟ್ಟರೂ ಕೆಡುವುದಿಲ್ಲ.

ಅವಳು ಶೆಡ್ಡಿನ ಟೇಬಲ್ಲಿನ ಕೆಳಗಿನಿಂದ ಫ್ಲಾಸ್ಕು ತಂದು, ಮುಚ್ಚಳದ ತುಂಬ ಚಹಾ ಬಗ್ಗಿಸಿ ಅವನ ಕೈಗಿಟ್ಟಳು. ಅವನು ಒಂದೇ ಸಲಕ್ಕೆ ಕುಡಿದು ಬಾಯಿ ಸುಟ್ಟುಕೊಂಡ. ಅದೇ ಮುಚ್ಚಳದಲ್ಲಿ ಅವಳೂ ಬಗ್ಗಿಸಿಕೊಂಡು ಕುಡಿದಳು.

"ಏನ್ರಿ ಯಕ್ಕಾ," ಎಂದು ಗೇಟಿನಿಂದ ಟ್ರ್ಯಾಕ್ಟರಿನವನು ಕೂಗಿದ, "ಇನ್ನೂ ಎಷ್ಟೊತ್ತು ನಿಲ್ಲಿಸ್ತೀರಿ?"

"ಆತು," ಎಂದಳು ಸಮತಾ, ಅಂಜಿನಿಯ ಮುಖದಿಂದ ಕಣ್ಣು ತೆಗೆಯದೆ. "ಪಾಸ್. ಒಳಗ ಬಿಡ್ರಿ."

"ಚೀಲಕ್ಕ ಕೈನೂ ಹಚ್ಚಿಲ್ಲಲ್ರಿ!"

ಸಮತಾಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಕೊಳವೆ ಎತ್ತಿಕೊಂಡು ಗಾಡಿಯ ಕಡೆ ನಡೆದಳು. "ನಿಂದಲ್ಲೋ ಮಾರಾಯಾ. ತಡಿ, ಬಂದೆ."